ತೋಳಿನ ಮೇಲೆ ಯಾರದೋ ಹಲ್ಲು

ತೋಳಿನ ಮೇಲಿದ್ದ ಕಚ್ಚಿದ ಗುರುತು ತನ್ನದಲ್ಲ ಎಂದು ಹಲ್ಲಕ್ಕನಿಗೆ ಗೊತ್ತಾದದ್ದು ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ. ಬೇರೆ ಯಾರಾದರೂ ಆಗಿದ್ದರೆ ಗುರುತು ಗುರುತೇ, ಹಲ್ಲು ಹಲ್ಲೇ ಎಂದುಕೊಂಡು ತೋಳು ಇಳಿಸಿ ಎದ್ದುಹೋಗುತ್ತಿದ್ದರು. ಆದರೆ ಹಲ್ಲಕ್ಕ ಇಪ್ಪತ್ತು ವರ್ಷದಿಂದ ಜನರ ಬಾಯಿಗೆ ಹಲ್ಲು ಕಟ್ಟುತ್ತಾ ಬಂದವಳು. ಯಾವ ಕೋರೆಹಲ್ಲು ಎಷ್ಟು ತಿರುಗಿದೆ, ಯಾವ ಬಾಚಿಹಲ್ಲು ಎಷ್ಟು ಸವೆದಿದೆ ಎನ್ನುವುದನ್ನು ಕಣ್ಣು ಮುಚ್ಚಿ ಬೆರಳಾಡಿಸಿ ಹೇಳಬಲ್ಲವಳು. ಅವಳದೇ ಮೇಲಿನ ಸಾಲಿನ ಎಡ ಬಾಚಿಹಲ್ಲಿನ ಅಂಚು ಆರು ತಿಂಗಳ ಹಿಂದೆ ಮುರಿದಿತ್ತು. ಅವಳೇ ಕಚ್ಚಿಕೊಂಡಿದ್ದರೆ ಗುರುತಿನ ನಡುವೆ ಒಂದು ಸಣ್ಣ ಖಾಲಿ ಬೀಳಬೇಕಿತ್ತು. ಬಿದ್ದಿರಲಿಲ್ಲ. ಅದರ ಬದಲು ಬಲಗಡೆಯ ಎರಡನೆಯ ಹಲ್ಲು, ಪಕ್ಕದ್ದರ ಮೇಲೆ ಕಾಲು ಹಾಕಿ ಕೂತ ಹಾಗೆ, ವಾರೆಯಾಗಿ ಮೂಡಿತ್ತು.

ಕೂತಲ್ಲಿಂದಲೇ ತಿರುಗಿ ಬಾಗಿಲು ನೋಡಿದಳು. ಒಳಗಿನಿಂದ ತಾನೇ ಹಾಕಿದ್ದ ಚಿಲಕ ಹಾಕಿದ ಹಾಗೇ ಇತ್ತು.

ಅವಳು ಕೂತಿದ್ದದ್ದು ಅಚ್ಚಿನ ಕೋಣೆಯಲ್ಲಿ. ಹಲ್ಲಿನ ಸೆಟ್ಟು ಮಾಡುವ ಆ ಕಾರ್ಖಾನೆ ಎಂದರೆ ಒಟ್ಟು ಮೂರು ಕೋಣೆ: ಮುಂದಿನದರಲ್ಲಿ ಯಜಮಾನನ ಮೇಜು, ನಡುವಿನದರಲ್ಲಿ ಕೆಲಸದ ಬೆಂಚುಗಳು, ಹಿಂದಿನದು ಇದು. ಇಪ್ಪತ್ತು ವರ್ಷದಲ್ಲಿ ಬಂದುಹೋದ ಗಿರಾಕಿಗಳ ಬಾಯಿಯ ಪ್ಲಾಸ್ಟರ್ ಅಚ್ಚುಗಳೆಲ್ಲ ಇಲ್ಲಿ ಕಬ್ಬಿಣದ ಕಪಾಟುಗಳ ಮೇಲೆ ಸಾಲಾಗಿ ಕೂತಿದ್ದವು. ಮುಖವಿಲ್ಲದ, ನಾಲಿಗೆಯಿಲ್ಲದ, ಬರೀ ಒಸಡು ಮತ್ತು ಹಲ್ಲಿನ ಸಾವಿರಾರು ಬಿಳಿ ಬಾಯಿಗಳು. ಹೊಸಬರು ಒಳಗೆ ಕಾಲಿಡಲು ಹೆದರುತ್ತಿದ್ದರು. ಹಲ್ಲಕ್ಕನಿಗೆ ಮಾತ್ರ ಅದು ತವರುಮನೆ. ಅಷ್ಟೊಂದು ಬಾಯಿಗಳಿದ್ದರೂ ಒಂದೂ ಮಾತಾಡುವುದಿಲ್ಲ ಎನ್ನುವುದೇ ಅವಳಿಗೆ ದೊಡ್ಡ ನೆಮ್ಮದಿ.

ಉಕ್ಕು ಬಂದಾಗ ಅವಳು ಓಡಿಬರುತ್ತಿದ್ದದ್ದೂ ಅಲ್ಲಿಗೇ. ಉಕ್ಕು ಅವಳೇ ಇಟ್ಟುಕೊಂಡ ಹೆಸರು. ಚಿಕ್ಕಂದಿನಲ್ಲಿ ಮನೆಯವರು ಅದನ್ನು ಹಟ ಎಂದರು, ಶಾಲೆಯಲ್ಲಿ ಕೊಬ್ಬು ಎಂದರು, ನೆರೆಯವರು ಗಾಳಿ ಎಂದರು. ನಲವತ್ತು ತುಂಬಿದ ವರ್ಷ ಒಬ್ಬ ವೈದ್ಯೆ ಎರಡು ದಿನ ಕೂರಿಸಿಕೊಂಡು ಪ್ರಶ್ನೆ ಕೇಳಿ, ಇದು ಆಟಿಸಂ, ಹುಟ್ಟಿನಿಂದ ಬಂದದ್ದು, ನಿಮ್ಮ ತಪ್ಪೇನೂ ಇಲ್ಲ ಎಂದಿದ್ದರು. ಒಲೆಯ ಮೇಲಿಟ್ಟ ಹಾಲಿನ ಹಾಗೆ ಅದು. ಬೆಳಗಿನಿಂದ ಒಂದೊಂದೇ ಸದ್ದು, ಬೆಳಕು, ವಾಸನೆ, ಹೇಳದೆ ಕೇಳದೆ ಬದಲಾದ ಕೆಲಸ ಉರಿ ಹಾಕುತ್ತಾ ಹೋಗುತ್ತವೆ. ಹಾಲು ಸುಮ್ಮನಿರುತ್ತದೆ. ಆಮೇಲೆ ಎಲ್ಲೋ ಒಂದು ಚಮಚ ಬೀಳುತ್ತದೆ. ಚಮಚದ ಸದ್ದಿಗೇ ಇಷ್ಟು ರಂಪವೇ ಎಂದು ನೋಡಿದವರು ಕೇಳುತ್ತಾರೆ. ಬೆಳಗಿನಿಂದ ಉರಿ ಇಟ್ಟವರು ಯಾರು ಎಂದು ಒಬ್ಬರೂ ಕೇಳುವುದಿಲ್ಲ.

ಮೊದಲು ಮಾತು ಹೋಗುತ್ತಿತ್ತು. ಆಮೇಲೆ ಅಂಗೈ ಬಿಸಿಯಾಗುತ್ತಿತ್ತು. ಅಲ್ಲಿಂದ ಮುಂದೆ ಎರಡು ನಿಮಿಷದ ಸಮಯ ಸಿಗುತ್ತಿತ್ತು. ಅಷ್ಟರಲ್ಲಿ ಕೈಯಲ್ಲಿದ್ದ ಸಲಕರಣೆ ಜಾಗಕ್ಕಿಟ್ಟು, ಹನ್ನೊಂದು ಹೆಜ್ಜೆ ನಡೆದು, ಕೋಣೆ ಸೇರಿ, ಚಿಲಕ ಹಾಕಿ, ಎರಡು ಕಪಾಟುಗಳ ನಡುವೆ ಕೂತು, ಪ್ಲಾಸ್ಟರ್ ಮೂಟೆಯನ್ನು ತೊಡೆಯ ಮೇಲೆ ಎಳೆದುಕೊಳ್ಳಬೇಕು. ಆ ಭಾರದಿಂದ ಮೈ ನೆಲಕ್ಕೆ ಅಂಟಿಕೊಂಡ ಹಾಗಾಗುತ್ತಿತ್ತು. ಮುಂದೆ ಏನಾಗುತ್ತದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಪುಸ್ತಕದಿಂದ ಹಾಳೆ ಹರಿದ ಹಾಗೆ ಅರ್ಧ ಗಂಟೆ ಕಾಣೆಯಾಗಿರುತ್ತಿತ್ತು. ಎಚ್ಚರಾದಾಗ ಗಂಟಲು ಕೆರೆದಿರುತ್ತಿತ್ತು, ಕೂದಲು ಕೆದರಿರುತ್ತಿತ್ತು, ಮೈಯೆಲ್ಲ ಒಗೆದು ಹಿಂಡಿದ ಬಟ್ಟೆ. ಮತ್ತು ತೋಳಿನ ಮೇಲೆ ಅವಳದೇ ಹಲ್ಲಿನ ಗುರುತು. ಹಾಗೆ ಕಚ್ಚಿಕೊಳ್ಳುವಾಗಲೇ ಆರು ತಿಂಗಳ ಹಿಂದೆ ಬಳೆಗೆ ತಾಗಿ ಬಾಚಿಹಲ್ಲು ಮುರಿದದ್ದು. ‘ಇನ್ನೊಂದು ಸಲ ಹೀಗಾದ್ರೆ ಹಲ್ಲು ಉಳಿಯಲ್ಲ’ ಎಂದು ಹಲ್ಲಿನ ಡಾಕ್ಟರು ಹೇಳಿದ್ದರು. ಇನ್ನು ಕಚ್ಚುವುದಿಲ್ಲ ಎಂದು ಅವಳು ತನಗೆ ತಾನೇ ಮಾತು ಕೊಟ್ಟಿದ್ದಳು.

ಮಾತು ಉಳಿಸಿಕೊಂಡಿದ್ದಳು, ನಿಜ. ಹಾಗಾದರೆ ಕಚ್ಚಿದವರು ಯಾರು?

ಯಾರಿಗೂ ಹೇಳಲಿಲ್ಲ. ಹೇಳಿದರೆ, ಮೊದಲೇ ಅರೆಹುಚ್ಚಿ, ಈಗ ಪೂರ್ತಿ ಆಯಿತು ಎನ್ನುತ್ತಾರೆ. ಬಾಯಿಗೆ ಬೀಗ ಹಾಕಿಕೊಂಡು ಬೇರೆಯವರ ಬಾಯಿ ನೋಡತೊಡಗಿದಳು. ಎದುರಿನವರ ಕಣ್ಣು ನೋಡಿ ಮಾತಾಡುವುದು ಅವಳಿಗೆ ಮೊದಲಿನಿಂದಲೂ ಆಗದ ಕೆಲಸ. ಬಾಯಿ ನೋಡುವುದು ಕಸುಬು. ಈಗ ಅದೇ ಭಯವಾಗಿ ಕೂತಿತು. ಯಜಮಾನ ಮುಂದಿನ ಕೋಣೆಯಲ್ಲಿ ಗಿರಾಕಿಗಳಿಗೆ ಎಂದಿನ ಚಟಾಕಿ ಹಾರಿಸುತ್ತಿದ್ದ: ‘ಹಲ್ಲು ನಾವು ಕೊಡ್ತೀವಿ ಸ್ವಾಮೀ, ಕಡಲೆ ಮಾತ್ರ ನೀವೇ ತಂದ್ಕೋಬೇಕು.’ ನಕ್ಕಾಗ ಕಂಡದ್ದು ಹಲಗೆಯಂಥ ಚಪ್ಪಟೆ ಹಲ್ಲು, ವಾರೆ ಇಲ್ಲ. ಪಾಲಿಶ್ ಮಾಡುವ ಹೆಂಗಸಿನ ಮುಂದಿನ ಹಲ್ಲುಗಳ ನಡುವೆ ಒಂದು ಬೆರಳಿನ ಸಂದು. ಮೇಣದ ಕೆಲಸದ ಮೇಷ್ಟ್ರಿಗೆ ಮೇಲೆ ಉಳಿದದ್ದೇ ಐದು. ಅವರು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ಈ ಕೆಲಸ ಕಲಿತವರು. ‘ಬಾಯಿ ಮುಚ್ಚಿ ಅಂತ ಜೀವನ ಪೂರ್ತಿ ಹೇಳ್ದೆ, ಈಗ ಬಾಯಿಗಳ ಮಧ್ಯಾನೇ ಕೂರೋ ಹಾಗಾಯ್ತು’ ಎಂದು ನಗುತ್ತಿದ್ದರು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮೆಟ್ಟಿಲಿನಲ್ಲಿ ಎದುರಾದವರ ಬಾಯಿಗಳನ್ನೆಲ್ಲ ಹಲ್ಲಕ್ಕ ಅಳೆದಳು. ಯಾರದೂ ಹೊಂದಲಿಲ್ಲ.

ಇಷ್ಟಕ್ಕೆಲ್ಲ ಮೂಲ ಯಜಮಾನ ತಂದ ಹೊಸ ಯಂತ್ರ. ಹಲ್ಲು ಉಜ್ಜುವಾಗ ಏಳುವ ಧೂಳನ್ನು ಹೀರಿಕೊಳ್ಳುವ ದೊಡ್ಡ ಪೆಟ್ಟಿಗೆ. ಹಳೆಯದಕ್ಕಿಂತ ಎಷ್ಟೋ ಮೆತ್ತಗೆ ಓಡುತ್ತದೆ ಎಂದು ಎಲ್ಲರೂ ಹೊಗಳಿದರು. ಅದರ ಮೆತ್ತನೆಯ ಗುಂಯ್‌ಗುಡುವಿಕೆಯ ಅಡಿಯಲ್ಲಿ ಸೂಜಿಯಂಥ ಒಂದು ಸೀಟಿ ಇತ್ತು. ಅವಳೊಬ್ಬಳಿಗೇ ಕೇಳುವಂಥದ್ದು.

‘ಯಾವ ಸದ್ದು, ಹಲ್ಲಕ್ಕಾ? ನಂಗೇನೂ ಕೇಳಿಸ್ತಿಲ್ವಲ್ಲ’ ಎಂದು ಯಜಮಾನ ಕಿವಿ ಹತ್ತಿರ ತಂದು ನೋಡಿದ್ದ. ವರ್ಷಕ್ಕೆರಡು ಸಲ ಬರುತ್ತಿದ್ದ ಉಕ್ಕು ಆ ಪೆಟ್ಟಿಗೆ ಬಂದ ಮೇಲೆ ತಿಂಗಳಿಗೆರಡು ಸಲ ಬರತೊಡಗಿತು.

ಒಂಬತ್ತು ದಿನದ ಮೇಲೆ ಮತ್ತೆ ಬಂತು. ಈ ಸಲ ಹಲ್ಲಕ್ಕ ತಯಾರಾಗಿದ್ದಳು. ಹೊಲಿಗೆ ದಾರದ ಉಂಡೆಯೊಂದನ್ನು ಚಿಲಕದ ಪಕ್ಕದ ಮೊಳೆಗೆ ಮೊದಲೇ ಸಿಕ್ಕಿಸಿಟ್ಟಿದ್ದಳು. ಚಿಲಕಕ್ಕೆ ದಾರ ಸುತ್ತಿದಳು, ಹೊಸ್ತಿಲಿನ ಮೇಲೆ ಒಂದು ಹಿಡಿ ಪ್ಲಾಸ್ಟರ್ ಪುಡಿ ಉದುರಿಸಿದಳು. ಆಮೇಲೆ ಹಾಳೆ ಹರಿಯಿತು.

ಎಚ್ಚರಾದಾಗ ದಾರ ಹಾಗೇ ಇತ್ತು. ಪುಡಿಯ ಮೇಲೆ ಒಂದು ಇರುವೆ ನಡೆದ ಗುರುತೂ ಇರಲಿಲ್ಲ. ಗಾಳಿಗಿಂಡಿಗೆ ಬೆಕ್ಕೂ ನುಸುಳದ ಸರಳು. ತೋಳಿನ ಮೇಲೆ ಅದೇ ಬಾಯಿ, ಅದೇ ವಾರೆ ಹಲ್ಲು, ಮೊದಲಿಗಿಂತ ಆಳವಾಗಿ. ಕಪಾಟುಗಳ ಮೇಲಿನ ಬಿಳಿ ಬಾಯಿಗಳೆಲ್ಲ ಆಗಷ್ಟೇ ಏನನ್ನೋ ಆಡಿ, ಅವಳು ಕಣ್ಣು ಬಿಟ್ಟ ತಕ್ಷಣ ಸುಮ್ಮನಾದ ಹಾಗೆ ಅವಳಿಗೆ ಅನ್ನಿಸಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಅವಳಿಗೆ ಹೆದರಿಕೆಯಾಯಿತು.

ಆದರೂ ಕೈ ತನ್ನ ಕಸುಬು ಬಿಡಲಿಲ್ಲ. ಗುರುತು ಮಾಸುವ ಮೊದಲು ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಪೆನ್ನಿನಿಂದ ಬರೆದುಕೊಂಡಳು. ಅಳತೆ ಕಡ್ಡಿಯಿಂದ ಕೋರೆಯಿಂದ ಕೋರೆಗೆ ಎಷ್ಟು ಎಂದು ನೋಡಿದಳು. ಹಾಳೆ ಹಿಡಿದು ಕಪಾಟುಗಳ ಮುಂದೆ ನಿಂತಳು. ಈ ಊರಿನಲ್ಲಿ ಕೃತಕ ಹಲ್ಲು ಕಟ್ಟಿಸಿಕೊಂಡವರ ಬಾಯಿ ಬಹುಪಾಲು ಇಲ್ಲಿ ಇರಲೇಬೇಕು. ಮೂರು ದಿನ ಊಟದ ವಿರಾಮದಲ್ಲಿ ಒಂದೊಂದೇ ಅಚ್ಚು ಇಳಿಸಿ, ಹಾಳೆ ಇಟ್ಟು, ಮತ್ತೆ ಏರಿಸಿದಳು. ಮೂರನೆಯ ದಿನ ಸ್ಟೂಲು ಹತ್ತಿ ಮೇಲಿನ ಕಪಾಟಿನ ಮೂಲೆಗೆ ಕೈ ಹಾಕಿದಾಗ ಸಿಕ್ಕ ಅಚ್ಚಿನ ಮೇಲೆ ಹಾಳೆ ಇಟ್ಟಳು. ಗೆರೆಯ ಮೇಲೆ ಗೆರೆ ಕೂತಿತು. ವಾರೆ ಹಲ್ಲಿನ ಮೇಲೆ ವಾರೆ ಹಲ್ಲು.

ಅಚ್ಚು ತಿರುಗಿಸಿದಳು. ತಳದಲ್ಲಿ ಅವಳದೇ ದುಂಡಗಿನ ಅಕ್ಷರ: ‘ಅಮ್ಮ, ಎರಡನೇ ಸಲ.’

ಸ್ಟೂಲಿನಿಂದ ಹೇಗೆ ಇಳಿದಳೋ ಅವಳಿಗೇ ತಿಳಿಯದು. ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಕೊನೆಯ ಕಾಲದಲ್ಲಿ ಅಮ್ಮನಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟದ್ದು ಹಲ್ಲಕ್ಕನೇ. ಮೊದಲ ಸೆಟ್ಟು ಮುತ್ತು ಪೋಣಿಸಿದ ಹಾಗಿತ್ತು. ಕನ್ನಡಿ ನೋಡಿದ ಅಮ್ಮ, ‘ಯಾರೇ ಇವಳು? ನಂದಲ್ಲ ಇದು. ನನ್ನ ವಾರೆ ಹಲ್ಲು ಎಲ್ಲಿ?’ ಎಂದು ತೆಗೆದಿಟ್ಟಿದ್ದಳು. ಅದಕ್ಕೇ ಎರಡನೆಯ ಸಲ, ಹಳೆಯ ಫೋಟೋ ನೋಡಿ, ಬಲಗಡೆಯ ಹಲ್ಲನ್ನು ಬೇಕೆಂದೇ ವಾರೆ ಕೂರಿಸಿದ್ದು. ಮುಗಿದ ಸೆಟ್ಟಿನದೇ ಒಂದು ಅಚ್ಚು ಎರೆದು ಇಲ್ಲಿಟ್ಟಿದ್ದು. ಆ ಸೆಟ್ಟು ಹಾಕಿಕೊಂಡೇ ಅಮ್ಮ ಆಸ್ಪತ್ರೆಗೆ ಹೋದದ್ದು. ಹಾಕಿಕೊಂಡೇ ಕಣ್ಣು ಮುಚ್ಚಿದ್ದು.

ಇನ್ನೊಂದು ಸಂಗತಿ ಅವಳ ನೆನಪಿಗೆ ಬಂತು. ಚಿಕ್ಕಂದಿನಲ್ಲಿ ಉಕ್ಕು ಬಂದು ತನ್ನ ತೋಳಿಗೆ ತಾನೇ ಬಾಯಿ ಹಾಕುವಾಗ ಅಮ್ಮ ನಡುವೆ ತನ್ನ ತೋಳು ತೂರಿಸುತ್ತಿದ್ದಳು. ಕೂಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಅಮ್ಮನ ಎಡಗೈಯಲ್ಲಿ ಅರ್ಧಚಂದ್ರದ ಕಲೆಗಳಿದ್ದವು. ನೆಂಟರು ಕೇಳಿದರೆ ‘ಕೈ ಸುಟ್ಟುಕೊಂಡೆ’ ಎನ್ನುತ್ತಿದ್ದಳು.

ಆ ಸಂಜೆ ಹಲ್ಲಕ್ಕ ನೇರ ಅಕ್ಕನ ಮನೆಗೆ ಹೋದಳು. ಎರಡು ಬೀದಿ ಆಚೆ. ಅಕ್ಕ ಇಸ್ತ್ರಿ ಮಾಡುತ್ತಿದ್ದಳು.

‘ಏನೇ ಪುಟ್ಟಿ, ಹೇಳ್ದೇ ಕೇಳ್ದೇ? ಭಾನುವಾರ ಬರೋಳು ನೀನು.’

‘ಅಕ್ಕಾ, ಅಮ್ಮನ ಹಲ್ಲಿನ ಸೆಟ್ಟು ಏನಾಯ್ತು?’

ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೆ ಒಂದು ಕ್ಷಣ ನಿಂತಿತು.

‘ಏನಾಗತ್ತೆ? ಅಮ್ಮನ ಜೊತೆಗೇ ಹೋಯ್ತು. ನಾನೇನು ಮಾಡ್ಲಿ ಅದನ್ನ? ನಾನ್ಯಾಕೆ ಇಟ್ಕೊಳ್ಲಿ?’

ಇಟ್ಟುಕೊಂಡೆಯಾ ಎಂದು ಹಲ್ಲಕ್ಕ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಉತ್ತರ. ಆದರೆ ಮಾತಿನ ಹಿಂದಿನ ಮಾತು ಹಿಡಿಯುವುದು ಹಲ್ಲಕ್ಕನಿಗೆ ಬರುತ್ತಿರಲಿಲ್ಲ. ಅಕ್ಕ ಹೇಳಿದ್ದನ್ನು ಹೇಳಿದ ಹಾಗೇ ನಂಬಿದಳು. ಹಲ್ಲು ಅಮ್ಮನ ಜೊತೆಗೆ ಹೋಗಿದೆ. ಹಾಗಿದ್ದರೂ ಗುರುತು ತೋಳಿನ ಮೇಲಿದೆ. ಮನೆಗೆ ಬಂದು, ದೀಪ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತವಳಿಗೆ ಉಳಿದದ್ದು ಒಂದೇ ದಾರಿ ಎನ್ನಿಸಿತು. ಆ ಹರಿದ ಹಾಳೆಯಲ್ಲಿ ಏನಿದೆ ಎಂದು ಯಾರಾದರೂ ಓದಿ ಹೇಳಬೇಕು.

ಅದು ಸುಲಭದ ತೀರ್ಮಾನವಲ್ಲ. ಉಕ್ಕಿನಲ್ಲಿರುವಾಗ ಯಾರಾದರೂ ತನ್ನನ್ನು ನೋಡುವುದು ಅವಳಿಗೆ ಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಂತಂತೆ. ಎರಡು ದಿನ ಯೋಚಿಸಿ, ಬಾಯಲ್ಲಿ ಹೇಳಲಾರದೆ, ಚೀಟಿಯಲ್ಲಿ ಬರೆದು ಮೇಷ್ಟ್ರ ಬೆಂಚಿನ ಮೇಲಿಟ್ಟಳು: ‘ಮುಂದಿನ ಸಲ ನನ್ನ ಜೊತೆ ಒಳಗೆ ಬನ್ನಿ. ಬಾಗಿಲ ಹತ್ತಿರ ಕೂರಿ. ಮುಟ್ಟಬೇಡಿ. ಮಾತಾಡಬೇಡಿ. ನೋಡಿದ್ದನ್ನು ಆಮೇಲೆ ಒಂದೂ ಬಿಡದೆ ಹೇಳಿ.’

ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. ಯಾಕೆ ಎಂದು ಕೇಳಲಿಲ್ಲ.

‘ಪರೀಕ್ಷೆ ರೂಮಲ್ಲಿ ಮೂರು ಗಂಟೆ ತುಟಿ ಬಿಚ್ದೇ ಕೂತವನು ನಾನು, ತಾಯಿ. ಅಷ್ಟು ಮಾಡ್ತೀನಿ’ ಎಂದರು.

ಮುಂದಿನ ಸಲ ಬಂದದ್ದು ಒಂದು ಶುಕ್ರವಾರ. ಬೆಳಿಗ್ಗೆಯೇ ಟ್ಯೂಬ್‌ಲೈಟು ಮಿಣುಕುತ್ತಿತ್ತು. ಪೆಟ್ಟಿಗೆಯ ಸೀಟಿ ಹಲ್ಲಿನ ಬೇರಿಗೇ ಇಳಿಯುತ್ತಿತ್ತು. ಮುಗಿಸಿದ್ದ ಸೆಟ್ಟನ್ನು ಯಜಮಾನ ವಾಪಸು ತಂದು, ‘ಬಣ್ಣ ಒಂದು ಪಾಲು ಬಿಳಿ ಬೇಕಂತೆ ಹಲ್ಲಕ್ಕಾ, ಇವತ್ತೇ ಆಗ್ಬೇಕು’ ಎಂದ. ಪಾಲಿಶ್ ಹೆಂಗಸಿನ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಹಲ್ಲಕ್ಕನ ಅಂಗೈ ಬಿಸಿಯಾಯಿತು. ಸಲಕರಣೆ ಜಾಗಕ್ಕಿಟ್ಟಳು. ಮೇಷ್ಟ್ರ ಕಡೆ ನೋಡಿದಳು. ಅವರು ಮೇಣದ ದೀಪ ಆರಿಸಿ ಎದ್ದು ಹಿಂದೆ ಬಂದರು. ಹನ್ನೊಂದು ಹೆಜ್ಜೆ. ಚಿಲಕ. ಮೂಟೆ.

ಹಾಳೆ ಹರಿಯಿತು.

ಮತ್ತೆ ಕಣ್ಣಿಗೆ ಬೆಳಕು ಬಂದಾಗ ಬೋರಲು ಹಾಕಿದ ಬಕೆಟ್ಟಿನ ಮೇಲೆ ಮೇಷ್ಟ್ರು ಕೂತಿದ್ದರು. ಮುಖ ಆ ಅಚ್ಚುಗಳಷ್ಟೇ ಬಿಳಿಚಿಕೊಂಡಿತ್ತು. ತೊಡೆಯ ಮೇಲೆ ಎರಡೂ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಅವಳು ತಲೆಯಾಡಿಸುವವರೆಗೂ ಅವರು ತುಟಿ ಬಿಚ್ಚಲಿಲ್ಲ.

‘ಹೇಳ್ಲಾ?’

ಹೂಂ ಎನ್ನುವ ಹಾಗೆ ಅವಳು ಕಣ್ಣು ಮುಚ್ಚಿ ತೆರೆದಳು.

‘ಮೊದಲು ಅಳು, ತಾಯಿ. ತಲೆ ಹೊಡ್ಕೊಂಡಿದ್ದು. ನಾನು ಏಳೋಕೆ ಹೋದೆ, ನಿನ್ನ ಚೀಟಿ ನೆನಪಾಗಿ ಕೂತೆ. ಆಮೇಲೆ ನಿನ್ನ ತೋಳನ್ನ ನೀನೇ ಬಾಯಿಗೆ ತಂದೆ. ತಂದು ನಿಲ್ಲಿಸಿದೆ. ಯಾರೋ ಹಿಡ್ಕೊಂಡ ಹಾಗೆ ನಿಂತ್ಬಿಡ್ತು ಕೈ. ಇನ್ನೊಂದು ಕೈ ಮೂಟೆ ಹಿಂದಕ್ಕೆ ಹೋಯ್ತು. ನೋಡ್ದೇನೇ ಹೋಯ್ತು. ಅಲ್ಲಿಂದ ಒಂದು ಡಬ್ಬಿ ತೆಗೀತು.’

ಅವರು ಮೂಟೆಯ ಕಡೆ ಬೆರಳು ತೋರಿಸಿದರು.

‘ಡಬ್ಬಿಲಿ ಹಲ್ಲಿನ ಸೆಟ್ಟು. ಮೇಲಿಂದು, ಕೆಳಗಿಂದು, ಎರಡೂ ಹಿಡಿದು ತೋಳನ್ನ ಮಧ್ಯೆ ಇಟ್ಟು ಒತ್ತಿದೆ. ಒತ್ತಿ ಒತ್ತಿ ಹಿಡ್ದೆ. ಆವಾಗ ಅಳು ನಿಂತು ಮಾತು ಬಂತು.’

‘ಏನು ಮಾತು?’ ಅವಳ ಗಂಟಲಿನಿಂದ ಬಂದದ್ದು ಬರೀ ಉಸಿರು.

‘ಕಚ್ಚು ಪುಟ್ಟಿ, ಕಚ್ಚು, ನಂಗೇನೂ ಆಗಲ್ಲ. ಹೀಗೇ, ಮೂರ್ನಾಲ್ಕು ಸಲ.’ ಮೇಷ್ಟ್ರು ದನಿ ತಗ್ಗಿಸಿದರು. ‘ಅದು ನಿನ್ನ ದನಿ ಅಲ್ಲಮ್ಮ. ವಯಸ್ಸಾದೋಳ ದನಿ. ಕೊನೇಲಿ ಸ್ವಲ್ಪ ಕೆಮ್ಮು ಬೇರೆ. ಬೆವರು ಬಂತು ನಂಗೆ. ಬಾಗಿಲು ತೆಗೆದು ಓಡ್ಬಿಡೋಣ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ.’

ಅಮ್ಮನಿಗೆ ಮಾತಿನ ಕೊನೆಗೆ ಕೆಮ್ಮುವ ಅಭ್ಯಾಸವಿತ್ತು. ಅದು ಮೇಷ್ಟ್ರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ಹಲ್ಲಕ್ಕ ಮೂಟೆಯ ಹಿಂದೆ ಕೈ ಹಾಕಿದಳು. ತಣ್ಣನೆಯ ಒಂದು ತಗಡಿನ ಡಬ್ಬಿ. ಕೆಲಸದವರು ತಿರುಪುಮೊಳೆ ಹಾಕಿಡುವಂಥದ್ದು. ತಾನೇ ಇಟ್ಟದ್ದು, ತಾನೇ ತೆಗೆದದ್ದು, ಆದರೂ ಕಣ್ಣಿಗೆ ಹೊಚ್ಚ ಹೊಸದು. ಮುಚ್ಚಳ ತೆರೆದಳು. ಅಮ್ಮ ಅವಳನ್ನು ನೋಡಿ ವಾರೆ ಹಲ್ಲಿನಿಂದ ನಕ್ಕ ಹಾಗಾಯಿತು.

ಮಧ್ಯಾಹ್ನ ಅಕ್ಕನಿಗೆ ಫೋನು ಮಾಡಿದ್ದು ಮೇಷ್ಟ್ರೇ. ಅಕ್ಕ ಅಡುಗೆಮನೆಯ ಚಪ್ಪಲಿಯಲ್ಲೇ ಓಡಿಬಂದಳು. ಡಬ್ಬಿ ಕಂಡಕೂಡಲೇ ಹೊಸ್ತಿಲಲ್ಲೇ ಕೂತಳು.

‘ನಾನು ಸುಳ್ಳು ಹೇಳ್ದೆ ಕಣೇ. ನಾಲ್ಕು ವರ್ಷದಿಂದ ಹೇಳ್ತಾ ಬಂದಿದೀನಿ. ಆಸ್ಪತ್ರೇಲಿ ನರ್ಸು ಅದನ್ನ ತೆಗೆದು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಳು. ವಾಪಸ್ ಹಾಕಿ ಅಂದ್ಳು. ಅಮ್ಮನ ಬಾಯಿ ಮುಟ್ಟೋಕೆ ನಂಗೆ ಧೈರ್ಯ ಬರ್ಲಿಲ್ಲ, ಪುಟ್ಟಿ. ಬಾಯಿ ಒಳಗೆ ಹೋಗಿತ್ತು, ನಮ್ಮಮ್ಮನ ಥರಾನೇ ಇರ್ಲಿಲ್ಲ. ಹಾಗೇ ಕಳಿಸಿಬಿಟ್ಟೆ. ಎಸೆಯೋಕೆ ಮನಸ್ಸಾಗ್ಲಿಲ್ಲ, ಮನೇಲಿ ಇಟ್ಕೊಳ್ಳೋಕೆ ಹೆದರಿಕೆ. ನಿನ್ನ ಬ್ಯಾಗಿನ ತಳಕ್ಕೆ ಹಾಕ್ದೆ. ನೀನು ನೋಡಿ ಕೇಳ್ತೀಯ, ಆವಾಗ ಹೇಳೋಣ ಅಂತ. ನೀನು ಕೇಳ್ಲೇ ಇಲ್ಲ.’

ಹಲ್ಲಕ್ಕ ನೆನಪಿಸಿಕೊಳ್ಳಲು ನೋಡಿದಳು. ಅಮ್ಮ ಹೋಗಿ ಹತ್ತು ದಿನಕ್ಕೆ ಕೆಲಸಕ್ಕೆ ಮರಳಿದ್ದು, ಅದೇ ದಿನ ಉಕ್ಕು ಬಂದದ್ದು, ಬ್ಯಾಗನ್ನು ತಬ್ಬಿಕೊಂಡೇ ಈ ಕೋಣೆಗೆ ಬಂದದ್ದು ನೆನಪಿತ್ತು. ಆಚೆಗೆ ಹಾಳೆ ಇರಲಿಲ್ಲ. ಆ ಹೊತ್ತಿನಲ್ಲಿ ಅವಳ ಕೈ ಬ್ಯಾಗಿನಲ್ಲಿ ಅಮ್ಮನನ್ನು ಕಂಡು, ಡಬ್ಬಿ ಹುಡುಕಿ, ಮೂಟೆಯ ಹಿಂದೆ ಜೋಪಾನ ಮಾಡಿರಬೇಕು. ವರ್ಷಗಟ್ಟಲೆ ಸುಮ್ಮನಿದ್ದು, ಇನ್ನು ಕಚ್ಚುವುದಿಲ್ಲ ಎಂದು ಅವಳು ಮಾತು ಕೊಟ್ಟ ಮೇಲೆ ಹೊರಗೆ ತೆಗೆದಿರಬೇಕು. ತನ್ನೊಳಗೆ ತನಗಿಂತ ಹೆಚ್ಚು ತಿಳಿದ ಇನ್ನೊಬ್ಬಳು ಓಡಾಡುತ್ತಾಳೆ ಎನ್ನುವ ವಿಚಾರಕ್ಕೆ ಅವಳ ಮೈ ಜುಮ್ಮೆಂದಿತು. ಹೆದರಿಕೆಯೋ ಸಮಾಧಾನವೋ, ಬಿಡಿಸಿ ಹೇಳುವುದು ಅವಳಿಂದಾಗಲಿಲ್ಲ.

ವೈದ್ಯೆಯನ್ನು ಕೇಳಿದಾಗ ಅವರು ಅಷ್ಟೊಂದು ಅಚ್ಚರಿಪಡಲಿಲ್ಲ. ಕೇಳಿದ ಮಾತು ಕೆಲವರ ಒಳಗೆ ದನಿಯ ಸಮೇತ ಉಳಿದುಬಿಡುತ್ತದೆ, ತೀರಾ ಬೇಕಾದಾಗ ಅದೇ ದನಿಯಲ್ಲಿ ಹೊರಬರುತ್ತದೆ ಎಂದರು. ‘ಆದ್ರೆ ತೋಳಿಗೆ ಗಾಯ ಆಗ್ತಿದೆಯಲ್ಲ, ಅದಕ್ಕೆ ಬೇರೆ ಏನಾದ್ರೂ ಮಾಡೋಣ’ ಎಂದೂ ಹೇಳಿದರು.

ಅದನ್ನು ಹಲ್ಲಕ್ಕನೇ ಮಾಡಿಕೊಂಡಳು. ತನ್ನ ಬಾಯಿಯ ಅಚ್ಚು ತಾನೇ ತೆಗೆದುಕೊಂಡು, ಮೆತ್ತನೆಯ ರಬ್ಬರಿನಲ್ಲಿ ಕಚ್ಚಿ ಹಿಡಿಯುವ ಒಂದು ಪಟ್ಟಿ ಎರೆದಳು. ಮೊದಲನೆಯದು ದಪ್ಪವಾಯಿತು, ಎರಡನೆಯದರ ವಾಸನೆ ಸಹಿಸಲಾಗಲಿಲ್ಲ, ಮೂರನೆಯದು ಸರಿ ಕೂತಿತು. ಯಂತ್ರದ ವಿಷಯಕ್ಕೆ ಮೇಷ್ಟ್ರು ಯಜಮಾನನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ‘ನಿಮಗೆ ಕೇಳಿಸ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ನಂಗೆ ಕನ್ನಡಕ ಇಲ್ದೇ ನೀವೂ ಕಾಣಿಸಲ್ಲ’ ಎಂದರು. ಯಜಮಾನ ತಲೆ ಕೆರೆದುಕೊಂಡ. ಒಂದು ವಾರಕ್ಕೆ ಪೆಟ್ಟಿಗೆ ಹಿತ್ತಲಿಗೆ ಹೋಯಿತು, ಕೊಳವೆ ಮಾತ್ರ ಒಳಗೆ ಬಂತು. ‘ನಂಗೂ ಅಂಥದ್ದೊಂದು ಪಟ್ಟಿ ಮಾಡ್ಕೊಡಿ ಹಲ್ಲಕ್ಕಾ, ನಿದ್ದೇಲಿ ಹಲ್ಲು ಕಡೀತೀನಂತೆ, ಹೆಂಡತಿ ದಿನಾ ಜಗಳ’ ಎಂದು ಅವನು ಕೇಳಿದ್ದು ಆಮೇಲೆ.

ಉಕ್ಕು ನಿಲ್ಲಲಿಲ್ಲ. ನಿಲ್ಲುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಮಟ್ಟಕ್ಕೆ ಇಳಿಯಿತು. ಅವಳು ಪಟ್ಟಿ ಕಚ್ಚಿ ಕೂರುತ್ತಿದ್ದಳು, ಮೇಷ್ಟ್ರು ಹೊರಗೆ ಬಕೆಟ್ಟಿನ ಮೇಲೆ ಕಾವಲು. ಅಮ್ಮನ ಸೆಟ್ಟು ಅಕ್ಕನ ಬೀರುವಿಗೆ ಹೋಯಿತು. ಅಕ್ಕನೇ ಕೇಳಿ ತೆಗೆದುಕೊಂಡು ಹೋದಳು. ತೋಳು ಒಣಗಿತು. ಆದರೆ ಉಕ್ಕು ಇಳಿಯುವ ಹೊತ್ತಿಗೆ, ಪಟ್ಟಿ ಬಾಯಿಂದ ಜಾರಿದ ಮೇಲೆ, ಒಳಗಿನಿಂದ ಆ ದನಿ ಇನ್ನೂ ಬರುತ್ತಿತ್ತು. ‘ಇವತ್ತೂ ಮಾತಾಡಿದ್ರು’ ಎಂದು ಮೇಷ್ಟ್ರು ಮೆಲ್ಲಗೆ ವರದಿ ಒಪ್ಪಿಸುತ್ತಿದ್ದರು. ಅವರಿಗೆ ಗೊತ್ತಿಲ್ಲದೇ ಬಹುವಚನ ಬಂದಿತ್ತು.

ಒಂದು ಭಾನುವಾರ ಅಕ್ಕ ತಟ್ಟೆ ತೊಳೆಯುತ್ತಾ, ಬೆನ್ನು ತಿರುಗಿಸಿಯೇ ಕೇಳಿದಳು:

‘ಪುಟ್ಟಿ, ನಾನೂ ಒಂದು ಸಲ ಬರ್ಲಾ? ಒಳಗೆ ಅಲ್ಲ. ಹೊರಗಡೆ ಕೂರ್ತೀನಿ.’

‘ಯಾಕೆ?’

‘ಅಮ್ಮನ ದನಿ ಮರ್ತೋಗಿದೆ ಕಣೇ ನಂಗೆ. ಮುಖ ಇದೆ. ದನಿ ಬರ್ತಾನೇ ಇಲ್ಲ.’

ತನ್ನ ಸಂಕಟವನ್ನು ಬಾಗಿಲ ಹೊರಗೆ ಕೂತು ಯಾರೋ ಕಾಯುವುದು ಹೇಗಿರುತ್ತದೆ ಎಂದು ಹಲ್ಲಕ್ಕ ತೂಗಿ ನೋಡಿದಳು. ಕೊನೆಗೆ ‘ಬಾಗಿಲು ಬಡೀಬಾರ್ದು’ ಎಂದಳು.

ಅದು ಬಂದದ್ದು ಎರಡು ತಿಂಗಳ ಮೇಲೆ, ಊಟದ ಹೊತ್ತಿಗೆ. ಮೇಷ್ಟ್ರ ಫೋನು ಬಂದ ಐದು ನಿಮಿಷಕ್ಕೆ ಅಕ್ಕ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಒಳಗೆ ಏನಾಯಿತೆಂದು ಹಲ್ಲಕ್ಕನಿಗೆ ಎಂದಿನಂತೆ ತಿಳಿಯದು. ಅವಳಿಗೆ ತಿಳಿದದ್ದು ಇಷ್ಟು: ಎದ್ದು ಚಿಲಕ ತೆಗೆದಾಗ ಅಕ್ಕ ಗೋಡೆಗೆ ಕೆನ್ನೆಯಿಟ್ಟು ಕೂತಿದ್ದಳು, ಕಣ್ಣು ಕೆಂಪಾಗಿತ್ತು, ಮೇಷ್ಟ್ರು ಬಕೆಟ್ಟು ಎತ್ತಿಕೊಂಡು ದೂರ ಹೋಗಿದ್ದರು.

‘ಕೇಳಿಸ್ತಾ?’

ಅಕ್ಕ ತಲೆಯಾಡಿಸಿದಳು. ‘ನಿಂಗೆ ಅಲ್ಲ, ನಂಗೆ ಹೇಳಿದ್ಳು. ದೊಡ್ಡೋಳೇ, ನೀನ್ಯಾಕೆ ಬಾಗಿಲಲ್ಲಿ ನಿಂತಿದೀಯ, ಹೋಗಿ ಮಲಕ್ಕೋ, ನಾನಿದೀನಿ ಅಂದ್ಳು. ನೀನು ಚಿಕ್ಕೋಳಿದ್ದಾಗ ನಿಂಗೆ ಬಂದಾಗೆಲ್ಲ ನಾನು ಬಾಗಿಲಲ್ಲೇ ನಿಂತಿರ್ತಿದ್ದೆ. ಅಮ್ಮ ನಿನ್ನೇ ನೋಡ್ತಾ ಇರ್ತಾಳೆ, ನಾನು ನಿಂತಿರೋದು ಅವಳಿಗೆ ಗೊತ್ತೇ ಇಲ್ಲ ಅಂತ ಅನ್ಕೊಂಡಿದ್ದೆ.’

‘ಅಮ್ಮ ಆವಾಗ ಹಾಗೆ ಅಂದಿದ್ದು ನಂಗೆ ನೆನಪಿಲ್ಲ’ ಎಂದಳು ಹಲ್ಲಕ್ಕ.

‘ನಂಗೂ ಇರ್ಲಿಲ್ಲ.’

ಅಕ್ಕ ಕೈ ಚಾಚಿದಳು. ಚಾಚಿ, ಮುಟ್ಟಬಾರದು ಎನ್ನುವುದು ನೆನಪಾಗಿ ಹಿಂದಕ್ಕೆಳೆದುಕೊಂಡಳು. ಹಲ್ಲಕ್ಕ ಅವಳ ಪಕ್ಕದಲ್ಲಿ, ಒಂದು ಗೇಣು ಬಿಟ್ಟು, ಗೋಡೆಗೆ ಒರಗಿ ಕೂತಳು. ಹಿತ್ತಲಿನಲ್ಲಿ ಯಂತ್ರ ಓಡುತ್ತಿತ್ತು, ಕೇಳಿಸಿಯೂ ಕೇಳಿಸದ ಹಾಗೆ.

‘ನೀನೇನಂದೆ?’ ಎಂದು ಕೇಳಿದಳು.

‘ಹೂಂ ಅಮ್ಮ ಅಂದೆ’ ಎಂದಳು ಅಕ್ಕ. ‘ಅದಾದ್ಮೇಲೆ ಒಳಗೆ ಅಳು ನಿಂತುಹೋಯ್ತು.’